ಕಂಬಿಯ ಹಿಂದಕ್ಕೂ ಉಳಿ ಹೋಗಬೇಕು

ಸಕಲೇಶಪುರದ ಆಚೆ, ಕಾಫಿ ತೋಟಗಳ ನಡುವೆ ಒಂದು ಸಣ್ಣ ಸೇತುವೆ. ಬೇಸಿಗೆಯಲ್ಲಿ ಹಳ್ಳದ ನೀರು ಇಳಿದ ಮೇಲೆ ಅದರ ರಿಪೇರಿಗೆ ಹೋಗಿದ್ದೆವು. ಕಂಬಗಳ ಬುಡದಲ್ಲಿ ಬರೀ ಜಲ್ಲಿ ಎದ್ದು ಕಾಣುತ್ತಿತ್ತು. ನೀರಿನ ರಭಸಕ್ಕೆ ಸವೆದಿದ್ದರೆ ಜಲ್ಲಿಯೂ ನುಣ್ಣಗಾಗಬೇಕಿತ್ತು ಅಲ್ವಾ? ಜಲ್ಲಿ ಹಾಗೇ ಚೂಪಾಗಿತ್ತು, ಸುತ್ತಲಿನ ಸಿಮೆಂಟ್ ಮಾತ್ರ ಕರಗಿತ್ತು. ಉಗುರಲ್ಲಿ ಕೆರೆದರೆ ಪುಡಿಪುಡಿ.

ಮೇಲ್ಗಡೆ ತೋಟದ ಪಲ್ಪರ್ ಇದೆ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ. ಹಣ್ಣು ತೊಳೆದ ನೀರು ಹುಳಿತಾಗ ಅದರ ಪಿಎಚ್ (ಹುಳಿಯ ಅಳತೆ, 7ಕ್ಕಿಂತ ಇಳಿದಷ್ಟೂ ಹುಳಿ ಹೆಚ್ಚು) 4ರ ಆಸುಪಾಸಿಗೆ ಇಳಿಯುತ್ತದೆ. ಹುಳಿ ತಾಗಿದರೆ ಸಿಮೆಂಟ್ ಉಳಿಯೋದಿಲ್ಲ.

ಸ್ಲ್ಯಾಬಿನ ಅಡಿಯ ಕಥೆ ಬೇರೆ. ಅಲ್ಲಿ ಗಾಳಿಯ ಇಂಗಾಲದ ಡೈಆಕ್ಸೈಡ್ ವರ್ಷಗಟ್ಟಲೆ ಒಳಗಿಳಿದು ಕಾಂಕ್ರೀಟಿನ ಕ್ಷಾರವನ್ನು ತಿಂದಿತ್ತು. ಸುತ್ತಿಗೆಯಲ್ಲಿ ತಟ್ಟಿದರೆ ಗಟ್ಟಿ ಇದ್ದ ಕಡೆ ಟಣ್, ಕೆಲವು ಕಡೆ ಡಬ್ ಡಬ್. ಆಗಷ್ಟೇ ಒಡೆದ ಜಾಗಕ್ಕೆ, ಕ್ಷಾರ ಇದ್ದರೆ ಗುಲಾಬಿಯಾಗುವ ಫಿನಾಲ್ಫ್ತಲೀನ್ ದ್ರಾವಣ ಸಿಂಪಡಿಸಿದೆ. ಒಳಗಿನ ಕಾಂಕ್ರೀಟ್ ಗಾಢ ಗುಲಾಬಿಯಾಯಿತು. ಕಂಬಿಯ ಸುತ್ತ ಬಣ್ಣವೇ ಬರಲಿಲ್ಲ. ಅಂದರೆ ಕಂಬಿಯನ್ನು ಕಾಯುವ ಕ್ಷಾರ ಅಲ್ಲಿ ಉಳಿದಿರಲಿಲ್ಲ. ತುಕ್ಕು ಹಿಡಿದ ಕಂಬಿ ಉಬ್ಬಿ ಕಾಂಕ್ರೀಟನ್ನು ಹೊರಕ್ಕೆ ತಳ್ಳಿತ್ತು.

"ಸಾರ್, ಸಡಿಲ ಇರೋದು ಉದುರಿಸಿ ಗಾರೆ ಮೆತ್ತಿಬಿಡೋಣ, ಸಂಜೆಗೆ ಮುಗೀತದೆ," ಅಂದರು ಮೇಸ್ತ್ರಿ.

ಹಿಂದೆ ಯಾರೋ ಅದನ್ನೇ ಮಾಡಿದ್ದರು. ಆ ತೇಪೆಗೆ ಉಳಿ ಕೊಟ್ಟು ತೋರಿಸಿದೆ. ಹಲಗೆಯ ಹಾಗೆ ಇಡಿಯಾಗಿ ಕಳಚಿ ಬಿತ್ತು. ಹಿಂದೆ ಕಂಬಿ ಪದರಪದರವಾಗಿ ಏಳುತ್ತಿತ್ತು. ಮೇಸ್ತ್ರಿ ಅದನ್ನು ಬೆರಳಲ್ಲಿ ಮುಟ್ಟಿ, "ಹಾಗಾದ್ರೆ ಪೂರ್ತಿ ಬಿಡಿಸಲೇಬೇಕು ಬಿಡಿ," ಅಂದರು.

ಗಾಡಿ ಓಡಾಟ ನಿಲ್ಲಿಸಿ, ಮೊದಲು ಸ್ಲ್ಯಾಬಿಗೆ ಜಾಕಿ ಕೊಟ್ಟೆವು. ಇದನ್ನು ಬಿಟ್ಟು ಉಳಿ ಎತ್ತಲೇಬಾರದು. ಆಮೇಲೆ ಕಂಬಿಯ ಹಿಂದೆಯೂ ಸುಮಾರು 20 ಮಿಲಿಮೀಟರ್ ಕೆತ್ತಿದೆವು. ಹಿಂಬದಿಯ ತುಕ್ಕು ಉಳಿದರೆ ಹೊಸ ಗಾರೆಯನ್ನೂ ಅದೇ ತಳ್ಳುತ್ತದೆ. ವೈರ್ ಬ್ರಷ್‌ನಲ್ಲಿ ಉಜ್ಜಿ, ಜಾಸ್ತಿ ಸವೆದ ಕಡೆ ಪಕ್ಕಕ್ಕೆ ಹೊಸ ಕಂಬಿ ಕಟ್ಟಿ, ತುಕ್ಕು ತಡೆಯುವ ಜಿಂಕ್ ಪ್ರೈಮರ್ ಬಳಿದು, ಪಾಲಿಮರ್ ಸೇರಿಸಿದ ಗಾರೆ ತುಂಬಿದೆವು. ಕಂಬಗಳಿಗೆ ಒದ್ದೆ ಗೋಣಿಚೀಲ ಸುತ್ತಿದೆವು. ಕ್ಯೂರಿಂಗ್ ಮುಗಿದು ಒಣಗಿದ ಮೇಲೆ ಬುಡಕ್ಕೆ ಹುಳಿ ನೀರು ತಾಗದಂತೆ ಎಪಾಕ್ಸಿ ಲೇಪ ಬಳಿದೆವು.

ಆದರೆ ಹುಳಿ ನೀರು ಬರುತ್ತಲೇ ಇದ್ದರೆ? ಆ ಚಿಂತೆಗೆ ತೋಟದ ಮಾಲೀಕರನ್ನೇ ಹುಡುಕಿಕೊಂಡು ಹೋದೆ. ನೀರನ್ನು ಗುಂಡಿಯಲ್ಲಿ ನಿಲ್ಲಿಸಿ ಸುಣ್ಣ ಹಾಕಿ, ಹಳ್ಳಕ್ಕೆ ಮಾತ್ರ ಬಿಡಬೇಡಿ ಎಂದು ಕೇಳಿಕೊಂಡೆ. ಅವರು ಒಪ್ಪಿದರು. ಪಲ್ಪರ್ ಶುರುವಾದಾಗ ಪಿಎಚ್ ಕಾಗದ ಹಿಡಿದು ಮತ್ತೆ ಆ ಹಳ್ಳಕ್ಕೆ ಇಳಿಯುತ್ತೇನೆ.