ಒಂದು ಕಾಡು, ಒಂದು ತಿಜೋರಿ

"ಇದೆಂತ ಮಾರಾಯ, ಹಳೇ ಫ್ರಿಜ್ಜು ಗೊರಕೆ ಹೊಡೆದ ಹಾಗಿದೆ" ಎಂದರು ಭಾವ.

ಜರ್ಮನಿಯ ಕೊಲೋನ್‌ನಲ್ಲಿ, ಅಕ್ಕನ ಅಡುಗೆಮನೆಯಲ್ಲಿ ಕೂತು ನನ್ನ ಫೋನಿನಲ್ಲಿ ಒಂದು ಟ್ರ್ಯಾಕ್ ಹಾಕಿದ್ದೆ. ಅಕ್ಕ ದೋಸೆ ಹೊಯ್ಯುತ್ತಾ ಕೇಳಿದಳು, "ಹಾಡು ಯಾವಾಗ ಶುರುವಾಗತ್ತೋ?" ಹಾಡು ಶುರುವಾಗಿ ಆರು ನಿಮಿಷ ಆಗಿತ್ತು.

ಇಬ್ಬರದ್ದೂ ತಪ್ಪಿಲ್ಲ. ಮೊದಲ ಸಲ ನನಗೂ ಹಾಗೇ ಅನ್ನಿಸಿತ್ತು. ಬೆಂಗಳೂರಿನಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದಾಗ ಪಕ್ಕದ ಸೀಟಿನವನು ಒಂದು ಪೆನ್‌ಡ್ರೈವ್ ಕೊಟ್ಟಿದ್ದ. ಅದರಲ್ಲಿ 'ಮಿನಿಮಲ್' ಅಂತ ಒಂದು ಫೋಲ್ಡರ್. ಮಿನಿಮಲ್ ಟೆಕ್ನೋ ಅಂದರೆ ಯಂತ್ರಗಳಲ್ಲಿ, ಆದಷ್ಟು ಕಡಿಮೆ ಸದ್ದುಗಳಲ್ಲಿ ಮಾಡುವ ಕುಣಿತದ ಸಂಗೀತ. ಪೂರ್ತಿ ಜರ್ಮನ್ ಹೆಸರುಗಳು. ಹಾಕಿದರೆ ಒಂದೇ ಸಮನೆ ಡಬ್ ಡಬ್ ಡಬ್. ಹಾಡುವವರಿಲ್ಲ, ಪಲ್ಲವಿಯಿಲ್ಲ, ಚರಣವಿಲ್ಲ. ಒಗ್ಗರಣೆ ಹಾಕಲು ಮರೆತ ಸಾರು. ಆದರೆ ಕೆಲಸಕ್ಕೆ ಅಡ್ಡ ಬರುತ್ತಿರಲಿಲ್ಲ, ಹಾಗಾಗಿ ಕೇಳುತ್ತಾ ಹೋದೆ. ಒಂದೆರಡು ತಿಂಗಳಾದ ಮೇಲೆ ಒಂದು ರಾತ್ರಿ ನೋಡಿಕೊಂಡರೆ, ಕೀಬೋರ್ಡಿನ ಮೇಲೆ ಬೆರಳು ಸುಮ್ನೆ ಕೂತಿದೆ. ಹೈ-ಹ್ಯಾಟ್ (ಡ್ರಮ್ಮಿನ ಜೋಡಿ ತಾಳದ ಸದ್ದು) ಯಾವಾಗ ಬರುತ್ತದೋ ಎಂದು ನಾನು ಕಾಯುತ್ತಿದ್ದೇನೆ! ಬಂದಾಗ ಮೈ ಜುಮ್ಮೆಂದಿತು. ಒಂದು 'ಚಿಸ್' ಎಂಬ ಸದ್ದಿಗೆ.

2019ರ ಜನವರಿಯಲ್ಲಿ ಹದಿನೈದು ದಿನ ರಜೆ ಹಾಕಿ ಹೊರಟೆ. ಮನೆಯಲ್ಲಿ ಹೇಳಿದ್ದು ಅಕ್ಕನನ್ನು ನೋಡಿಕೊಂಡು ಬರುತ್ತೇನೆ ಅಂತ. ಅದೂ ಸುಳ್ಳೇನಲ್ಲ.

ಕೊಲೋನ್‌ಗೆ ಹೋದವರು ಮೊದಲು ನೋಡುವುದು ದೊಡ್ಡ ಚರ್ಚು. ನಾನೂ ನೋಡಿದೆ. ದೊಡ್ಡದಾಗಿದೆ. ಮಾರನೇ ದಿನ ವೆರ್ಡರ್‌ಸ್ಟ್ರಾಸೆ ಎಂಬ ಬೀದಿ ಹುಡುಕಿಕೊಂಡು ಹೋದೆ. ಅಲ್ಲಿ 'ಕೊಂಪಾಕ್ಟ್' ಇದೆ. ರೆಕಾರ್ಡಿನ ಅಂಗಡಿಯೂ ಅದೇ, ರೆಕಾರ್ಡು ಹೊರತರುವ ಕಂಪನಿಯೂ ಅದೇ, ಬೇರೆಯವರ ರೆಕಾರ್ಡುಗಳನ್ನು ಊರೂರಿಗೆ ಕಳಿಸುವುದೂ ಅದೇ. ವೋಲ್ಫ್‌ಗಾಂಗ್ ಫೋಗ್ಟ್, ಮಿಖಾಯೆಲ್ ಮಾಯರ್, ಯುರ್ಗೆನ್ ಪಾಪೆ ಮತ್ತು ಇನ್ನು ಕೆಲವು ಗೆಳೆಯರು ಮೊದಲೇ ಒಂದು ಅಂಗಡಿ ನಡೆಸುತ್ತಿದ್ದರು. 1998ರಲ್ಲಿ ಅದೇ ಕೊಂಪಾಕ್ಟ್ ಆಯಿತು. ಜಗತ್ತು 'ಕೊಲೋನ್ ಸದ್ದು' ಎಂದು ಕರೆಯುವುದರ ಜವಳಿ ಅಂಗಡಿ ಇದು ಅನ್ನಬಹುದು. ನಮ್ಮೂರಿನ ಜವಳಿ ಅಂಗಡಿಯಲ್ಲಿ ಸೀರೆ ಬಿಡಿಸಿ ತೋರಿಸುತ್ತಾರಲ್ಲ, ಇಲ್ಲಿ ರೆಕಾರ್ಡು ತೆಗೆದು ತಟ್ಟೆಯ ಮೇಲೆ ಇಟ್ಟು ಹೆಡ್‌ಫೋನ್ ಕೊಡುತ್ತಾರೆ. ಎಷ್ಟು ಹೊತ್ತು ಕೇಳಿದರೂ ಯಾರೂ ಏನೂ ಅನ್ನುವುದಿಲ್ಲ.

ಫೋಗ್ಟ್ ಒಬ್ಬರೇ ಹತ್ತಾರು ಹೆಸರುಗಳಲ್ಲಿ ರೆಕಾರ್ಡು ತಂದವರು. ತೊಂಬತ್ತರ ದಶಕದಲ್ಲಿ 'ಸ್ಟುಡಿಯೋ 1' ಅಂತ ಒಂದು ಸರಣಿ ಮಾಡಿದರು. ಅದರಲ್ಲಿ ರೆಕಾರ್ಡುಗಳಿಗೆ ಹೆಸರಿನ ಬದಲು ಬಣ್ಣ. ಕೆಂಪು, ಹಸಿರು, ಹೀಗೆ. ಒಳಗೆ ಒಂದು ಕಿಕ್, ಅಂದರೆ ಡ್ರಮ್ಮಿನ ದಪ್ಪ ಏಟು, ಒಂದೆರಡು ಕಟಕಟ, ಇನ್ನೊಂದು ಯಾವುದೋ ಚೂರು ಸದ್ದು. ಇಷ್ಟರಲ್ಲೇ ಮುಗಿಸುತ್ತಾರೆ. ಎಷ್ಟು ತೆಗೆದುಹಾಕಿದರೂ ಕುಣಿಯಲು ಬರುತ್ತದೆ ಎಂದು ಹಟ ಹಿಡಿದು ನೋಡಿದ ಹಾಗಿದೆ.

ನಾನು ಅಲ್ಲಿಗೆ ಹೋದದ್ದು ಅವರ ಇನ್ನೊಂದು ಹೆಸರಿಗಾಗಿ: 'ಗ್ಯಾಸ್'. ಹಳೆಯ ಆರ್ಕೆಸ್ಟ್ರಾ ರೆಕಾರ್ಡುಗಳಿಂದ ಚೂರು ಚೂರು ಕತ್ತರಿಸಿ, ಎಳೆದು, ಮಸುಕು ಮಾಡಿ, ಮಂಜಿನ ಹಾಗೆ ಹರಡಿ, ಅದರಡಿ ಎಲ್ಲೋ ದೂರದಲ್ಲಿ ಕಿಕ್ ಹೊಡೆಸುತ್ತಾರೆ. ಮುಖ್ಯ ಆಲ್ಬಮ್ಮುಗಳಲ್ಲಿ ಒಂದರ ಹೆಸರು ಕ್ಯೋನಿಗ್ಸ್‌ಫೋರ್ಸ್ಟ್. ರಾಜನ ಕಾಡು ಎಂದು ಅರ್ಥ. ಹಾಗೆಂದರೆ ಕೊಲೋನ್‌ನ ಪೂರ್ವ ಅಂಚಿನಲ್ಲಿರುವ ನಿಜವಾದ ಕಾಡು. ಫೋಗ್ಟ್ ಚಿಕ್ಕಂದಿನಿಂದ ಅಲೆದಾಡಿದ ಜಾಗ. ಈ ಆಲ್ಬಮ್ ಕೇಳುತ್ತಾ ಎಷ್ಟೋ ರಾತ್ರಿ ಔಟರ್ ರಿಂಗ್ ರೋಡಿನಲ್ಲಿ ಆಫೀಸಿನ ಟ್ಯಾಕ್ಸಿಯೊಳಗೆ ಕೂತಿದ್ದೆ. ಆ ಕಾಡು ಯಾವುದೋ ದಂತಕಥೆಯ ಜಾಗ ಅಂದುಕೊಂಡಿದ್ದೆ.

"ಅದಾ? ಒಂಬತ್ತನೇ ನಂಬರ್ ಟ್ರಾಮ್ ಹತ್ತು, ಕೊನೇ ಸ್ಟಾಪು" ಎಂದಳು ಅಕ್ಕ. ದಂತಕಥೆಗೆ ಟ್ರಾಮ್ ಇದೆ!

ಟ್ರಾಮಿನಲ್ಲಿ ನಾಯಿ ಜೊತೆಗಿದ್ದ ಅಜ್ಜ, ಶಾಲೆ ಮಕ್ಕಳು, ನಾನು. ಕೊನೆಯ ಸ್ಟಾಪಿನಲ್ಲಿ ಇಳಿದು ಸ್ವಲ್ಪ ನಡೆದರೆ ಮರಗಳು ಶುರು. ಮಲೆನಾಡಿನವನಿಗೆ ಕಾಡು ಎಂದರೆ ಒಂದರ ಮೇಲೊಂದು ಬಿದ್ದು ಹೊರಳಾಡುವ ಹಸಿರು, ಜಿಗಣೆ, ಜೀರುಂಡೆ. ಇಲ್ಲಿ ಹಾಗಲ್ಲ. ನೆಟ್ಟಗೆ ನಿಂತ ಕಾಂಡಗಳು. ಒಂದು, ಮತ್ತೊಂದು, ಮತ್ತೊಂದು. ಎಲೆ ಉದುರಿ ಹೋಗಿತ್ತು. ಹಕ್ಕಿಯೂ ಇಲ್ಲ. ಹೆಡ್‌ಫೋನ್ ಹಾಕಿ ಅದೇ ಆಲ್ಬಮ್ ಹಚ್ಚಿ ನಡೆದೆ. ನಡಿಗೆ ತಾನಾಗಿ ಕಿಕ್ಕಿಗೆ ಕೂಡಿಕೊಂಡಿತು. ಮರಗಳು ಪಕ್ಕದಲ್ಲಿ ಸರಿಯುತ್ತಿವೆ. ಎಲ್ಲವೂ ಒಂದೇ ಥರ, ಆದರೆ ಯಾವುದೂ ಇನ್ನೊಂದರ ಹಾಗಿಲ್ಲ. ಕಾಡನ್ನು ಡಿಸ್ಕೋಗೆ ತರಬೇಕು ಎಂಬುದು ಫೋಗ್ಟ್ ಅವರ ಆಸೆಯಾಗಿತ್ತಂತೆ. ಅಡುಗೆಮನೆಯಲ್ಲಿ ಅದು ಫ್ರಿಜ್ಜು ಅನ್ನಿಸಿದರೆ ಭಾವನದ್ದೇನು ತಪ್ಪು?

ಮುಕ್ಕಾಲು ಗಂಟೆಯಲ್ಲಿ ಕಾಲ್ಬೆರಳು ಮರಗಟ್ಟಿದವು. ವಾಪಸ್ ಬಂದೆ.

ಬರ್ಲಿನ್‌ಗೆ ರೈಲಿನಲ್ಲಿ ನಾಲ್ಕೂವರೆ ಗಂಟೆ. ಅಕ್ಕ ಚಪಾತಿ, ಚಟ್ನಿಪುಡಿ ಕಟ್ಟಿಕೊಟ್ಟಿದ್ದಳು. ಆ ದಾರಿಯ ಬಗ್ಗೆ ಹೇಳುವಂಥದ್ದೇನಿಲ್ಲ, ಬಯಲು ಮತ್ತು ಗಾಳಿಯಂತ್ರ.

ಬರ್ಲಿನ್‌ನ ಕ್ರೊಯ್ಟ್ಸ್‌ಬರ್ಗ್‌ನಲ್ಲಿ ಒಂದು ಕಾಲುವೆ ಇದೆ. ಅದರ ದಂಡೆಯ ರಸ್ತೆ ಪೌಲ್-ಲಿಂಕೆ-ಊಫರ್. 'ಹಾರ್ಡ್ ವ್ಯಾಕ್ಸ್' ಅಂಗಡಿ ಆಗ ಅಲ್ಲಿತ್ತು. ಅಂಗಳ ದಾಟಿ, ಗೀಚಿ ಗೀಚಿ ತುಂಬಿಸಿದ ಗೋಡೆಯ ಮೆಟ್ಟಿಲು ಹತ್ತಿ ಹೋಗಬೇಕು. ಮಾರ್ಕ್ ಎರ್ನೆಸ್ಟಸ್ ಇದನ್ನು ಶುರು ಮಾಡಿದ್ದು 1989ರಲ್ಲಿ, ಬರ್ಲಿನ್ ಗೋಡೆ ಬಿದ್ದ ವರ್ಷ. ಅಮೆರಿಕದ ಡೆಟ್ರಾಯ್ಟ್‌ನಿಂದ ರೆಕಾರ್ಡು ತರಿಸಿ ಮಾರುತ್ತಿದ್ದರು. ಈ ಸಂಗೀತ ಹುಟ್ಟಿದ್ದು ಅಲ್ಲಿ. ಕಾರ್ ಫ್ಯಾಕ್ಟರಿಗಳು ಮುಚ್ಚುತ್ತಿದ್ದ ಊರಿನ ಕಪ್ಪು ಹುಡುಗರು ಇದನ್ನು ಮಾಡಿದರು. ಅವರ ಕೈಯಲ್ಲಿದ್ದದ್ದು ಜಪಾನಿನ ರೋಲಾಂಡ್ ಕಂಪನಿಯ ಡ್ರಮ್ ಮಷೀನುಗಳು. ಟಿಆರ್-909 ಬಂದಿದ್ದು 1983ರಲ್ಲಿ, ಎರಡೇ ವರ್ಷದಲ್ಲಿ ನಿಂತುಹೋಯಿತು. ಯಾರಿಗೂ ಬೇಡವಾಗಿ ಸೆಕೆಂಡ್ ಹ್ಯಾಂಡ್‌ನಲ್ಲಿ ಅಗ್ಗಕ್ಕೆ ಸಿಗುತ್ತಿತ್ತು. ಆ ಹುಡುಗರು ಕೇಳುತ್ತಾ ಬೆಳೆದದ್ದರಲ್ಲಿ ಡ್ಯುಸೆಲ್‌ಡೋರ್ಫಿನ ಕ್ರಾಫ್ಟ್‌ವೆರ್ಕ್ ತಂಡವೂ ಇತ್ತು. ಅಂದರೆ ಜರ್ಮನಿಯಿಂದ ಹೊರಟ ಸದ್ದು ಡೆಟ್ರಾಯ್ಟ್ ಸುತ್ತಿ ಮನೆಗೆ ಬಂದಿದೆ. 'ಜರ್ಮನ್ ಟೆಕ್ನೋ' ಎಂದು ಸಲೀಸಾಗಿ ಹೇಳಿಬಿಡುತ್ತೇವಲ್ಲ, ಅರ್ಧ ಕ್ರೆಡಿಟ್ಟು ಬೇರೆಯವರದ್ದು. ಎಲ್ಲವನ್ನೂ ಬೋಳಿಸುವ ಈ ಮಿನಿಮಲ್ ದಾರಿಗೆ ಬುನಾದಿ ಎನ್ನುವ 1994ರ ರೆಕಾರ್ಡು ಕೂಡ ಡೆಟ್ರಾಯ್ಟ್‌ನ ರಾಬರ್ಟ್ ಹುಡ್ ಅವರದ್ದೇ.

ಎರ್ನೆಸ್ಟಸ್ ಮತ್ತು ಮೋರಿಟ್ಸ್ ಫಾನ್ ಓಸ್ವಾಲ್ಡ್ ಸೇರಿ 1993ರಲ್ಲಿ 'ಬೇಸಿಕ್ ಚಾನೆಲ್' ಶುರು ಮಾಡಿದರು. ಬೆರಳೆಣಿಕೆಯ ರೆಕಾರ್ಡುಗಳು. ಲೇಬಲ್ಲಿನ ಮೇಲೆ ಹೆಸರು ಕೂಡ ಸರಿಯಾಗಿ ಓದಲು ಬರುವುದಿಲ್ಲ, ಒದ್ದೆ ಕೈಯಲ್ಲಿ ಒರೆಸಿದ ಹಾಗಿದೆ. ಫೋಟೋ ಇಲ್ಲ, ಪರಿಚಯ ಇಲ್ಲ. ಅಂಗಡಿಯ ಮೂಲೆಯಲ್ಲಿ ನಿಂತು ಅವರ ಒಂದು ರೆಕಾರ್ಡು ಕೇಳಿದೆ. ಒಂದೇ ಒಂದು ಕಾರ್ಡ್ (ಒಟ್ಟಿಗೆ ನುಡಿಯುವ ಕೆಲವು ಸ್ವರಗಳು), ಮತ್ತೆ ಮತ್ತೆ. ಪ್ರತಿ ಸಲವೂ ಪ್ರತಿಧ್ವನಿ ಬೇರೆ. ಈ ಪ್ರತಿಧ್ವನಿಯ ಕಸುಬು ಅವರು ಕಲಿತದ್ದು ಜಮೈಕಾದ ಡಬ್ ಸಂಗೀತದಿಂದ. ಮುಂದೆ ಅವರೇ 'ರಿದಮ್ ಅಂಡ್ ಸೌಂಡ್' ಹೆಸರಿನಲ್ಲಿ ಕೆರಿಬಿಯನ್ ಗಾಯಕರನ್ನು ಕೂಡಿಸಿಕೊಂಡು ಹಾಡಿಸಿದರು. ನಾನು ಇಷ್ಟು ವರ್ಷ 'ತಣ್ಣಗಿದೆ, ತಣ್ಣಗಿದೆ' ಎಂದು ಹೊಗಳುತ್ತಿದ್ದ ಸದ್ದಿನ ಹೊಟ್ಟೆಯಲ್ಲಿ ಜಮೈಕಾದ ಕಿಂಗ್‌ಸ್ಟನ್ನಿನ ಬಿಸಿಲಿತ್ತು. ಅಲ್ಲಿ ನಿಂತು ಸ್ವಲ್ಪ ನಾಚಿಕೆಯಾಯಿತು. ಒಂದು ರೆಕಾರ್ಡು ಕೊಂಡೆ. ನನ್ನ ಹತ್ತಿರ ಪ್ಲೇಯರ್ ಇಲ್ಲ, ಇವತ್ತಿಗೂ ಇಲ್ಲ.

ಶುಕ್ರವಾರ ರಾತ್ರಿ ಮೊದಲು ಒಂದು ಕ್ಲಬ್ಬಿಗೆ ಹೋದೆ. ಹೆಸರು ಬೇಡ. ಒಂದೂಕಾಲು ಗಂಟೆ ಸಾಲಿನಲ್ಲಿ ನಿಂತ ಮೇಲೆ ಬಾಗಿಲಿನವನು ನನ್ನನ್ನು ನೋಡಿದ, ನನ್ನ ಮಂಕಿ ಕ್ಯಾಪ್ ನೋಡಿದ, ತಲೆಯಾಡಿಸಿದ. ಅಷ್ಟೇ. ಕಾರಣ ಕೇಳುವ ಪದ್ಧತಿ ಅಲ್ಲಿಲ್ಲ. ಮಂಕಿ ಕ್ಯಾಪ್ ಅಮ್ಮ ಕೊಟ್ಟಿದ್ದು, ಅದನ್ನು ದೂರುವಂತಿಲ್ಲ.

ಆದದ್ದು ಒಳ್ಳೆಯದೇ. ಅಲ್ಲಿಂದ ಕ್ಯೋಪೆನಿಕರ್‌ಸ್ಟ್ರಾಸೆಗೆ ಹೋದೆ, ಟ್ರೆಸೋರ್ ಎಂಬ ಕ್ಲಬ್ಬಿಗೆ. ಟ್ರೆಸೋರ್ ಎಂದರೆ ತಿಜೋರಿ. ಪದ ಕೇಳಿದರೂ ನಮ್ಮ ತಿಜೋರಿಯ ದೂರದ ನೆಂಟನ ಹಾಗಿದೆ.

ಇದರ ಕಥೆ ಹೇಳಲೇಬೇಕು. ಯುದ್ಧಕ್ಕೆ ಮುಂಚೆ ಬರ್ಲಿನ್ ನಡುಮಧ್ಯೆ ವೆರ್ಟ್‌ಹೈಮ್ ಎಂಬ ಯಹೂದಿ ಕುಟುಂಬದ ಭಾರಿ ಮಳಿಗೆ ಇತ್ತು. ನಾಜಿಗಳು ಅದನ್ನು ಆ ಕುಟುಂಬದ ಕೈ ತಪ್ಪಿಸಿದರು, ಬಾಂಬು ಕಟ್ಟಡವನ್ನು ಹಾಳು ಮಾಡಿತು, ಉಳಿದದ್ದನ್ನು ಆಮೇಲೆ ಕೆಡವಿದರು. ಆ ಜಾಗ ಗೋಡೆಯ ಪಕ್ಕದ ಬಂಜರಾಯಿತು. ನೆಲದಡಿಯ ತಿಜೋರಿ ಕೋಣೆ ಮಾತ್ರ ಉಳಿದುಕೊಂಡಿತು. ಗೋಡೆ ಬಿದ್ದ ಮೇಲೆ ಪೂರ್ವ ಬರ್ಲಿನ್ ತುಂಬ ಖಾಲಿ ಕಟ್ಟಡಗಳು, ಯಾರದ್ದೆಂದು ಯಾರಿಗೂ ಗೊತ್ತಿಲ್ಲದವು. ಹಾಗೆ ಜಾಗ ಹುಡುಕುತ್ತಿದ್ದ ಡಿಮಿಟ್ರಿ ಹೇಗೆಮಾನ್ ಮತ್ತು ಗೆಳೆಯರಿಗೆ ಈ ನೆಲಮಾಳಿಗೆ ಸಿಕ್ಕಿತು. ತುಕ್ಕು ಹಿಡಿದ ಲಾಕರುಗಳು ಗೋಡೆಯ ಉದ್ದಕ್ಕೂ ಹಾಗೇ ಇದ್ದವು. 1991ರಲ್ಲಿ ಅಲ್ಲೇ ಕ್ಲಬ್ಬು ತೆರೆದರು. ಪೂರ್ವದ ಹುಡುಗರು, ಪಶ್ಚಿಮದ ಹುಡುಗರು ಒಂದೇ ಹೊಗೆಯಲ್ಲಿ ಕುಣಿದರು. ಮುಖ ಕಾಣದ ಕತ್ತಲಲ್ಲಿ ಯಾರು ಯಾವ ಕಡೆಯವರು ಅಂತ ಹೇಗೆ ಗೊತ್ತಾಗಬೇಕು? ಭೂಮಿಯ ಬೆಲೆ ಏರಿತು, 2005ರಲ್ಲಿ ಮುಚ್ಚಬೇಕಾಯಿತು. 2007ರಲ್ಲಿ ಹೊಸ ಜಾಗದಲ್ಲಿ ತೆರೆದರು, ಹಳೆಯ ಲಾಕರುಗಳನ್ನೂ ಹೊತ್ತು ತಂದರು.

ಆ ಹೊಸ ಜಾಗ ಯಾವುದು ಗೊತ್ತಾ? ಪೂರ್ವ ಬರ್ಲಿನ್ನಿನ ಮನೆಗಳಿಗೆ ಬಿಸಿ ಕಳಿಸುತ್ತಿದ್ದ ಸ್ಥಾವರ. ಅರವತ್ತರ ದಶಕದ ಕಾಂಕ್ರೀಟು. ಊರಿನ ಇನ್ನೊಂದು ಹೆಸರಾಂತ ಕ್ಲಬ್ಬು ಬೆರ್ಗ್‌ಹೈನ್ ಕೂಡ ಐವತ್ತರ ದಶಕದ ಅಂಥದ್ದೇ ಸ್ಥಾವರ. ತಣ್ಣನೆಯ ಸಂಗೀತದ ಗುಡಿಗಳೆಲ್ಲ ಒಂದು ಕಾಲದ ಒಲೆಗಳು.

ಬಾಗಿಲಲ್ಲಿ ಫೋನಿನ ಕ್ಯಾಮೆರಾಕ್ಕೆ ಸ್ಟಿಕರ್ ಅಂಟಿಸಿದರು. ಕೋಟು ಒಪ್ಪಿಸಿ ಟೋಕನ್ ತೆಗೆದುಕೊಂಡೆ. ಮಂಕಿ ಕ್ಯಾಪ್ ಕೋಟಿನ ಜೇಬಿನಲ್ಲಿ. ಕಿವಿಗೆ ಫೋಮಿನ ಬಿರಡೆ ಒತ್ತಿಕೊಂಡು ಉದ್ದನೆಯ ಸುರಂಗದಲ್ಲಿ ನಡೆದೆ. ಕೊನೆಯಲ್ಲಿ ಹೊಗೆ, ಮಿಂಚು ಹೊಡೆಯುವ ಬಿಳಿ ಬೆಳಕು, ಕಬ್ಬಿಣದ ಸರಳು. ಅದರ ಹಿಂದೆ ಡಿಜೆ.

ಮೊದಲ ಅರ್ಧ ಗಂಟೆ ಬೋರು. ನಿಜ ಹೇಳುತ್ತೇನೆ, ಇಷ್ಟು ದೂರ ಬಂದು ಇದಾ ಅನ್ನಿಸಿತು. ನಿಂತು ಲೆಕ್ಕ ಹಾಕುತ್ತಿದ್ದೆ, ಅಭ್ಯಾಸ. ನಿಮಿಷಕ್ಕೆ ಸುಮಾರು 128 ಏಟು. ಗಂಟೆಗೆ 7,680. ನಾಲ್ಕು ಏಟಿಗೆ ಒಂದು ಆವರ್ತ, 32 ಆವರ್ತಕ್ಕೆ ಸರಿಯಾಗಿ ಒಂದು ನಿಮಿಷ. ಬದಲಾವಣೆ ಬರುವುದು ಸಾಮಾನ್ಯವಾಗಿ ಈ 16, 32ರ ತಿರುವಿನಲ್ಲಿ. ಒಂದು ಸದ್ದು ಸೇರುತ್ತದೆ, ಇನ್ನೊಂದು ಹೋಗುತ್ತದೆ. ನಡುವೆ ಡಿಜೆ ಒಂದು ಗುಬುಟನ್ನು ಕೂದಲೆಳೆಯಷ್ಟು ತಿರುಗಿಸುತ್ತಾನೆ, ಮೇಲಿನ ಸದ್ದು ಮಂಕಾಗುತ್ತಾ ಹೋಗುತ್ತದೆ.

ಹೆಡ್‌ಫೋನಿನಲ್ಲಿ ನಾನು ಇಷ್ಟು ದಿನ ಕೇಳಿದ್ದು ಈ ಮೇಲಿನ ಪದರ ಮಾತ್ರ. ಕಿಕ್ ಕಿವಿಯದ್ದೇ ಅಲ್ಲ. ಅಲ್ಲಿ ಅದು ಎದೆಗೂಡಿಗೆ, ಹಲ್ಲಿಗೆ, ಅಂಗಾಲಿಗೆ ಬರುತ್ತದೆ. ಗೋಡೆಗೆ ಕೈಯಿಟ್ಟೆ, ಗೋಡೆಯೂ ನಡುಗುತ್ತಿತ್ತು. ಯಾವಾಗಲೋ ಎಣಿಕೆ ತಪ್ಪಿತು. ಒಂದು ಸಲ ಡಿಜೆ ಕಿಕ್ ತೆಗೆದುಬಿಟ್ಟ. ಬರೀ ಹೈ-ಹ್ಯಾಟ್. ಇಡೀ ಕೋಣೆ ಮೆಟ್ಟಿಲು ಇದೆಯೆಂದು ಕಾಲಿಟ್ಟು ಇಲ್ಲದೇ ಹೋದಂತೆ ತೇಲಿತು. ಆಮೇಲೆ ಕಿಕ್ ವಾಪಸ್ ಬಂತು. ಯಾರೋ ಕೂಗಿದರು. ನಾನೇ ಕೂಗಿದ್ದು.

ಎಷ್ಟು ಸೆಕೆ ಗೊತ್ತಾ! ಸೂರು ತೊಟ್ಟಿಕ್ಕುತ್ತಿತ್ತು. ಜನರ ಬೆವರೇ ಆವಿಯಾಗಿ ಕಾಂಕ್ರೀಟಿಗೆ ತಾಗಿ ಮತ್ತೆ ಜನರ ಮೇಲೆ. ಪಕ್ಕದ ಹೆಂಗಸಿಗೆ ಐವತ್ತು ದಾಟಿರಬೇಕು, ಕಣ್ಣು ಮುಚ್ಚಿ ಬರೀ ಭುಜ ಆಡಿಸುತ್ತಿದ್ದರು. ಯಾರೂ ಯಾರನ್ನೂ ನೋಡುತ್ತಿರಲಿಲ್ಲ. ಮಳೆಗಾಲದಲ್ಲಿ ಬಚ್ಚಲೊಲೆಯ ಮುಂದೆ ಕೂತವರ ಹಾಗೆ ಎಲ್ಲರಿಗೂ ಅವರವರದ್ದೇ ಧ್ಯಾನ.

ರಾತ್ರಿಯಿಡೀ ಎದ್ದಿರುವುದು ನನಗೆ ಕಷ್ಟವಾಗಲಿಲ್ಲ. ಚಿಕ್ಕಂದಿನಲ್ಲಿ ಗದ್ದೆಬಯಲಿನಲ್ಲಿ ಬೆಳಗಿನವರೆಗೆ ಯಕ್ಷಗಾನ ನೋಡಿದ ಮೈ ಇದು. ಸಂಜೆ ಒಂದು ನಿದ್ದೆ ತೆಗೆದು, ರಾತ್ರಿ ಕಡಿಮೆ ತಿಂದು ಹೋಗುವ ಉಪಾಯ ಇಲ್ಲೂ ನಡೆಯಿತು. ಚಟ್ಟಂಬಡೆ ಇಲ್ಲ ಅನ್ನುವುದೊಂದೇ ಕೊರತೆ. ಬದಲಿಗೆ ಕ್ಲಬ್ ಮಾಟೆ ಎಂಬ ಕಹಿಸಿಹಿ ಪಾನೀಯ. ಬಾಟಲಿ ವಾಪಸ್ ಕೊಟ್ಟರೆ ಠೇವಣಿ ಚಿಲ್ಲರೆ ಹಿಂದಿರುಗಿಸುತ್ತಾರೆ. ಕುಣಿತದ ನಡುವೆಯೂ ಜನ ಖಾಲಿ ಬಾಟಲಿ ಹಿಡಿದು ಶಿಸ್ತಾಗಿ ಕೌಂಟರಿಗೆ ಹೋಗುವುದು ನೋಡಬೇಕು.

ಬೆಂಗಳೂರಿನಲ್ಲಾದರೆ ರಾತ್ರಿ ಒಂದಕ್ಕೆ ದೀಪ ಹಾಕಿ ಎಬ್ಬಿಸುತ್ತಾರೆ. ಇಲ್ಲಿ ಮುಚ್ಚುವ ಗಂಟೆ ಅಂತ ಕಾನೂನೇ ಇಲ್ಲ. 1949ರಲ್ಲಿ ಪಶ್ಚಿಮ ಬರ್ಲಿನ್ನಿನ ಹೋಟೆಲಿನವರೊಬ್ಬರು, ಹೈಂಟ್ಸ್ ತ್ಸೆಲ್ಲರ್‌ಮಾಯರ್, ಅಮೆರಿಕನ್ ಸೇನಾಧಿಕಾರಿಯ ಮನವೊಲಿಸಿ ಅದನ್ನು ತೆಗೆಸಿದರು. ಎಪ್ಪತ್ತು ವರ್ಷದ ಮೇಲೆ ಅದರ ಲಾಭ ನನಗೂ ಸಿಕ್ಕಿತು. ಇದಾಗಿ ಐದು ವರ್ಷಕ್ಕೆ, 2024ರಲ್ಲಿ, ಬರ್ಲಿನ್ನಿನ ಟೆಕ್ನೋವನ್ನು ಜರ್ಮನಿ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಪಟ್ಟಿಗೆ ಸೇರಿದ್ದು ಕೇಳಿ ಖುಷಿಗಿಂತ ಜಾಸ್ತಿ ಭಯವೇ ಆಯಿತು ನನಗೆ. ಹಾಗೆ ಸೇರಿದ ಎಷ್ಟು ಕಲೆಗಳ ಗತಿ ನೋಡಿಲ್ಲ ನಾವು?

ಹೊರಗೆ ಬಂದಾಗ ಬೆಳಗಿನ ಆರೂಕಾಲು. ಇನ್ನೂ ಕತ್ತಲು. ಒದ್ದೆ ಅಂಗಿ ಮೈಗೆ ಅಂಟಿ ಕ್ಷಣದಲ್ಲಿ ತಣ್ಣಗಾಯಿತು. ಕೋಟಿನ ಮೇಲೆ ಮಂಕಿ ಕ್ಯಾಪ್ ಹಾಕಿಕೊಂಡೆ, ಈಗ ಯಾರ ಹಂಗು? ಹೈನ್‌ರಿಖ್-ಹೈನೆ-ಸ್ಟ್ರಾಸೆ ಮೆಟ್ರೋ ಸ್ಟೇಷನ್ನಿಗೆ ನಡೆದೆ. ಬರ್ಲಿನ್ ಎಷ್ಟು ನಿಶ್ಶಬ್ದ ಅನ್ನಿಸಿತು. ಕಾರು ಹೋದರೂ ಸದ್ದಿಲ್ಲ, ರೈಲು ಬಂದರೂ ಹತ್ತಿಯ ಮೇಲೆ ಬಂದಂತೆ. ಸೀಟಿನಲ್ಲಿ ಕೂತು ಆ ಮೌನವನ್ನೇ ಸವಿಯುತ್ತಿದ್ದಾಗ ಫೋನು ಅದುರಿತು. ಅಕ್ಕ. ಅವಳು ಏನೋ ಹೇಳುತ್ತಿದ್ದಾಳೆ, ನೀರಿನೊಳಗಿಂದ ಮಾತಾಡಿದ ಹಾಗೆ. "ಆಂ? ಆಂ?" ಎಂದೆ. ಎದುರಿನ ಸೀಟಿನ ಹುಡುಗಿ ನಗುತ್ತಾ ತನ್ನ ಕಿವಿ ಮುಟ್ಟಿ ತೋರಿಸಿದಳು.

ಫೋಮ್ ತೆಗೆದೆ. ಗಡಗಡ ಎಂದು ರೈಲು ಒಳಗೆ ನುಗ್ಗಿತು.

"ಕಿವಿ ಹೋಯ್ತೇನೋ? ತಿಂಡಿ ಆಯ್ತಾ ಅಂತ ಕೇಳಿದ್ದು!"