‘ನಾನು ಯಾರು?’ ಅಂತ ಕೇಳಿಕೊಳ್ಳೋದನ್ನು ಸ್ವಲ್ಪ ದಿನ ಬಿಡಿ

ಬದುಕಿನಲ್ಲಿ ದಿಕ್ಕು ತಪ್ಪಿದ ಹಾಗೆ ಅನ್ನಿಸಿದಾಗ ಹೆಚ್ಚಿನವರು ಮೊದಲು ಮಾಡೋದು ಕೂತು ಯೋಚಿಸೋದು. ನನಗೆ ನಿಜಕ್ಕೂ ಏನು ಬೇಕು, ಯಾಕೆ ಹೀಗಾದೆ, ಮೊದಲು ಹೀಗಿರಲಿಲ್ಲವಲ್ಲ. ರಾತ್ರಿಯೆಲ್ಲ ಯೋಚಿಸಿದರೂ ಬೆಳಗ್ಗೆ ಉತ್ತರ ಸಿಕ್ಕಿರೋದಿಲ್ಲ, ನಿದ್ದೆ ಮಾತ್ರ ಹೋಗಿರುತ್ತೆ. ಒಂದೇ ಪ್ರಶ್ನೆಯನ್ನು ಹೀಗೆ ಮೆಲುಕು ಹಾಕುತ್ತಿದ್ದರೆ ಕುಗ್ಗಿದ ಮನಸ್ಸು ಕುಗ್ಗಿದಲ್ಲೇ ಇನ್ನಷ್ಟು ದಿನ ಉಳಿಯುತ್ತೆ ಅನ್ನೋದನ್ನು ಮನೋವಿಜ್ಞಾನಿ ಸೂಸನ್ ನೋಲೆನ್-ಹೋಕ್ಸೆಮಾ 1990ರ ದಶಕದಿಂದಲೇ ತೋರಿಸುತ್ತಾ ಬಂದರು.

ಇದಕ್ಕಿಂತ ಉಪಯೋಗಕ್ಕೆ ಬರೋದು ಮನೋವಿಜ್ಞಾನಿ ಡ್ಯಾರಿಲ್ ಬೆಮ್ 1972ರಲ್ಲಿ ವಿವರವಾಗಿ ಮಂಡಿಸಿದ ವಾದ. ಒಳಗಿನಿಂದ ಬರುವ ಸೂಚನೆ ಮಂಕಾಗಿದ್ದಾಗ ನಮ್ಮ ಇಷ್ಟಾನಿಷ್ಟಗಳನ್ನು ನಾವು ನಮ್ಮದೇ ನಡವಳಿಕೆ ನೋಡಿ ಊಹಿಸಿಕೊಳ್ಳುತ್ತೇವೆ, ಹೊರಗಿನವರೊಬ್ಬರು ನಮ್ಮನ್ನು ನೋಡಿ ಊಹಿಸುವ ಹಾಗೆಯೇ. ಕಳೆದುಹೋದಂತಿರುವಾಗ ಆ ಸೂಚನೆ ಮಂಕಾಗಿರೋದೇ ತೊಂದರೆ. ಹಾಗಾಗಿ ಒಳಗೆ ಹುಡುಕೋದಕ್ಕಿಂತ ದಿನವಿಡೀ ಏನು ಮಾಡುತ್ತೀರಿ ಅನ್ನೋದನ್ನು ದಾಖಲು ಮಾಡೋದು ಒಳ್ಳೆಯ ಆರಂಭ.

ಅದಕ್ಕೂ ಮುಂಚೆ ಒಂದು ವಿಷಯ ಖಚಿತ ಮಾಡಿಕೊಳ್ಳಿ. ಎರಡು ವಾರಕ್ಕೂ ಮೀರಿ ದಿನದ ಹೆಚ್ಚು ಹೊತ್ತು ಬೇಸರ ಅಥವಾ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಜೊತೆಗೆ ನಿದ್ದೆ, ಹಸಿವು, ಏಕಾಗ್ರತೆ ಕೆಟ್ಟಿದ್ದರೆ ಅದು ಖಿನ್ನತೆ ಇರಬಹುದು. ಥೈರಾಯ್ಡ್ ಕಡಿಮೆಯಾಗಿದ್ದರೆ, ರಕ್ತಹೀನತೆ ಇದ್ದರೆ, ವಿಟಮಿನ್ ಬಿ12 ಕೊರತೆ ಇದ್ದರೆ ಕೂಡ ಮನುಷ್ಯ ಮಂಕಾಗುತ್ತಾನೆ, ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತೆ. ನನ್ನನ್ನೇ ನಾನು ಹೊರಗಿನಿಂದ ನೋಡುತ್ತಿದ್ದೇನೆ, ಸುತ್ತಲಿನದು ನಿಜವಲ್ಲ ಅನ್ನಿಸೋದು ಬೇರೆಯದೇ ತೊಂದರೆ, ಅದಕ್ಕೆ ಮನೋವೈದ್ಯರನ್ನು ಕಾಣಬೇಕು. ಸಾಯುವ ಯೋಚನೆ ಬರುತ್ತಿದ್ದರೆ ಅವತ್ತೇ ಯಾರಿಗಾದರೂ ಹೇಳಿ ಸಹಾಯ ಪಡೆಯಿರಿ. ಡೈರಿ ಆಮೇಲೆ ಬರೆಯಬಹುದು.

ಈಗ ದಾಖಲೆಯ ವಿಷಯ. ಎರಡು ವಾರ, ಎರಡು ವಾರಾಂತ್ಯವೂ ಸೇರುವ ಹಾಗೆ. ಎರಡು ಮೂರು ಗಂಟೆಗೊಮ್ಮೆ ಒಂದು ಸಾಲು: ಏನು ಮಾಡಿದೆ, ಖುಷಿ 0ರಿಂದ 10ರಲ್ಲಿ ಎಷ್ಟು, ‘ಮಾಡಿದೆನಲ್ಲ’ ಅನ್ನುವ ತೃಪ್ತಿ ಎಷ್ಟು. ಇವೆರಡು ಅಂಕಣಗಳು ಖಿನ್ನತೆಯ ಚಿಕಿತ್ಸೆಯಲ್ಲಿ ಹಿಂದಿನಿಂದಲೂ ಬಳಕೆಯಲ್ಲಿವೆ. ಇದಕ್ಕೆ ಮೂರನೆಯದೊಂದು ಸೇರಿಸಿಕೊಳ್ಳಿ: ಇದನ್ನು ತೀರ್ಮಾನಿಸಿದ್ದು ಯಾರು? ನಾನೇ, ಬೇರೆಯವರು, ಇಲ್ಲವೇ ಬರೀ ಅಭ್ಯಾಸ. ಪುಟ ಹೀಗೆ ಕಾಣುತ್ತೆ:

ಎದ್ದ ಕೂಡಲೇ ಫೋನ್ — ಖುಷಿ 2, ತೃಪ್ತಿ 0, ಅಭ್ಯಾಸ.
ಗೆಳೆಯರ ಜೊತೆ ಊಟ — ಖುಷಿ 4, ತೃಪ್ತಿ 1, ಬೇರೆಯವರು.
ಅಲುಗಾಡುತ್ತಿದ್ದ ಕುರ್ಚಿಯ ಕಾಲು ಸರಿ ಮಾಡಿದ್ದು — ಖುಷಿ 3, ತೃಪ್ತಿ 7, ನಾನೇ.

ಇದು ಹಾಳಾಗೋದು ಸಾಮಾನ್ಯವಾಗಿ ಎರಡು ಕಡೆ. ಒಂದು, ಎಲ್ಲವನ್ನೂ ರಾತ್ರಿ ಮಲಗುವಾಗ ಒಟ್ಟಿಗೆ ಬರೆಯೋದು. ಆ ಹೊತ್ತಿನ ಸುಸ್ತು ಇಡೀ ದಿನಕ್ಕೆ ಬಣ್ಣ ಬಳಿದುಬಿಡುತ್ತೆ, ಬೆಳಗ್ಗೆಯ 5 ರಾತ್ರಿ ಹೊತ್ತಿಗೆ 2 ಆಗಿರುತ್ತೆ. ಎರಡನೆಯದು, ಇರಬೇಕಾದ ಅಂಕ ಹಾಕೋದು. ಮಕ್ಕಳ ಜೊತೆ ಕಳೆದ ಗಂಟೆಗೆ 3 ಹಾಕಲು ಕೈ ಬರೋದಿಲ್ಲ, 8 ಅಂತ ಬರೆಯುತ್ತಾರೆ. ಈ ಪುಟವನ್ನು ಯಾರಿಗೂ ತೋರಿಸಬೇಕಾಗಿಲ್ಲ, 3 ಅಂತಲೇ ಬರೆಯಿರಿ. ಎಲ್ಲವೂ 0ರಿಂದ 3ರ ಒಳಗೇ ಇದೆ ಅಂತ ನಿಲ್ಲಿಸುವವರೂ ಇದ್ದಾರೆ. ಅಂಥ ಪುಟದಲ್ಲಿ 1 ಮತ್ತು 3ರ ನಡುವಿನ ಅಂತರವೇ ದೊಡ್ಡ ಸುದ್ದಿ.

ಓದುವಾಗ ಸರಾಸರಿ ತೆಗೆಯಬೇಡಿ. ಮೇಲಿನ ಅಂಕ ಬಂದ ಸಾಲುಗಳಿಗೆ ಗೆರೆ ಎಳೆದು, ಅವುಗಳಲ್ಲಿ ನೀವು ನಿಜಕ್ಕೂ ಏನು ಮಾಡುತ್ತಿದ್ದಿರಿ ಅಂತ ಒಂದು ಕ್ರಿಯೆಯಾಗಿ ಬರೆಯಿರಿ: ರಿಪೇರಿ ಮಾಡೋದು, ವಿವರಿಸೋದು, ಜೋಡಿಸೋದು, ಬೆಳೆಸೋದು, ಒಬ್ಬರೇ ನಡೆಯೋದು. ಕೆಲಸ ಹೋಗಬಹುದು, ಮಕ್ಕಳು ದೊಡ್ಡವರಾಗಿ ಮನೆ ಬಿಡಬಹುದು, ಸಂಬಂಧ ಮುರಿಯಬಹುದು. ಆಗ ಹೋಗೋದು ಪಾತ್ರ. ನಿವೃತ್ತ ಶಿಕ್ಷಕರು ಕಳೆದುಕೊಂಡಿದ್ದು ಶಾಲೆ. ವಿವರಿಸುವ ಚಟ ಹಾಗೇ ಇರುತ್ತೆ, ಅದಕ್ಕೆ ಬೇರೆ ಜಾಗ ಬೇಕಷ್ಟೆ. ಒಂದೇ ಪಾತ್ರದ ಮೇಲೆ ನಿಂತವರಿಗೆ ಅದರ ಸೋಲು ಹೆಚ್ಚು ಹೊಡೆತ ಕೊಡುತ್ತೆ ಅಂತ ಮನೋವಿಜ್ಞಾನಿ ಪೆಟ್ರೀಷಿಯಾ ಲಿನ್‌ವಿಲ್ 1980ರ ದಶಕದಲ್ಲೇ ವಾದಿಸಿದ್ದರು. ಪಟ್ಟಿಯಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಮೂರು ಕ್ರಿಯೆಗಳಾದರೂ ಇರಲಿ.

ಹಾಗಂತ ‘ಇಪ್ಪತ್ತರ ಪ್ರಾಯದಲ್ಲಿ ನಾನು ನಾನಾಗಿದ್ದೆ’ ಅನ್ನೋ ಮಾತನ್ನು ಪೂರ್ತಿ ನಂಬಬೇಡಿ. ಸುಮಾರು 10ರಿಂದ 30 ವರ್ಷದವರೆಗಿನ ನೆನಪುಗಳು ವಯಸ್ಸಾದ ಮೇಲೆ ಸಾಮಾನ್ಯವಾಗಿ ಹೆಚ್ಚು ದಟ್ಟವಾಗಿ ಉಳಿಯುತ್ತವೆ. ಆಗಿನ ‘ನಾನು’ ಅಷ್ಟು ಸ್ಪಷ್ಟವಾಗಿ ಕಾಣೋದಕ್ಕೆ ಇದೂ ಒಂದು ಕಾರಣ. ಅಲ್ಲಿಂದ ಒಂದೆರಡು ಕ್ರಿಯೆ ಎತ್ತಿಕೊಳ್ಳಿ, ಇಡೀ ಮನುಷ್ಯನನ್ನೇ ವಾಪಸ್ ಕರೆತರಲು ಹೋಗಬೇಡಿ.

ಆಮೇಲೆ ಪ್ರಯೋಗ. ಒಂದು ಕ್ರಿಯೆ, ವಾರಕ್ಕೆ ಎರಡು ಸಲ, ಪ್ರತಿ ಸಲ 30 ನಿಮಿಷ, ನಾಲ್ಕು ವಾರ. ‘ಸಮಯ ಸಿಕ್ಕಾಗ’ ಅಂತ ಬಿಟ್ಟರೆ ನಡೆಯೋದಿಲ್ಲ. ‘ಮಂಗಳವಾರ ಸಂಜೆ ಆರಕ್ಕೆ, ಈ ಮೇಜಿನ ಮೇಲೆ’ ಅಂತ ಬರೆದಿಡಿ. ಶುರು ಮಾಡುವ ಮುಂಚೆ ಎಷ್ಟು ಖುಷಿ ಬರಬಹುದು ಅಂತ ಅಂಕ ಹಾಕಿ, ಮುಗಿದ ಮೇಲೆ ಬಂದಷ್ಟನ್ನು ಹಾಕಿ. ಕುಗ್ಗಿದ ಮನಸ್ಸು ಮೊದಲ ಅಂಕವನ್ನು ಕಡಿಮೆ ಹಾಕುತ್ತೆ. ಈ ವ್ಯತ್ಯಾಸ ಕಾಗದದ ಮೇಲೆ ಕಂಡರೆ ‘ಮನಸ್ಸು ಬಂದಾಗ ಮಾಡ್ತೀನಿ’ ಅನ್ನೋದು ತಾನಾಗಿ ಕಡಿಮೆಯಾಗುತ್ತೆ. ಮೊದಲ ಎರಡು ಮೂರು ಸಲ ತೃಪ್ತಿ ಬರದಿರೋದು ಸಹಜ, ಕೈ ಜಡ್ಡುಗಟ್ಟಿರುತ್ತೆ. ನಾಲ್ಕನೆಯ ಸಲಕ್ಕಿಂತ ಮುಂಚೆ ತೀರ್ಪು ಬೇಡ. ದುಬಾರಿ ಸಾಮಾನು ಕೊಳ್ಳೋದು, ಊರಿಗೆಲ್ಲ ಸಾರೋದು ಎರಡೂ ಬೇಡ. ಆಮೇಲೆ ಬಿಡಬೇಕೆನ್ನಿಸಿದರೂ ಬಿಡಲಾಗೋದಿಲ್ಲ.

ವರ್ಷಗಟ್ಟಲೆ ಬೇರೆಯವರ ಅನುಕೂಲ ನೋಡುತ್ತಲೇ ಬಂದವರಿಗೆ, ಮುಖ್ಯವಾಗಿ ರೋಗಿಗಳ ಆರೈಕೆಯಲ್ಲಿದ್ದವರಿಗೆ, ಇದಕ್ಕೂ ಚಿಕ್ಕ ಮೆಟ್ಟಿಲು ಬೇಕು. ಅವರ ಬಾಯಲ್ಲಿ ‘ಯಾವುದಾದರೂ ಆಗುತ್ತೆ’ ಅನ್ನೋದು ಸದಾ ಸಿದ್ಧ. ದಿನಕ್ಕೆ ಮೂರು ಸಲ, ತಪ್ಪಿದರೂ ನಷ್ಟವಿಲ್ಲದ ವಿಷಯದಲ್ಲಿ, ಹತ್ತು ಸೆಕೆಂಡಿನೊಳಗೆ ಒಂದನ್ನು ಆರಿಸಿ ಬಾಯಿಬಿಟ್ಟು ಹೇಳಿ. ಕಿಟಕಿ ತೆರೆದಿರಲಿ, ಈ ದಾರಿಯಲ್ಲೇ ಹೋಗೋಣ, ಇವತ್ತು ಬರೋದಿಲ್ಲ. ಮನೆಯವರಿಗೆ ಮೊದಮೊದಲು ಇರಿಸುಮುರಿಸಾಗುತ್ತೆ, ಅದು ನಿರೀಕ್ಷಿತವೇ.

ಆಗಿಹೋದ ಒಂದು ಘಟನೆ ಬಿಡದೆ ಕಾಡುತ್ತಿದ್ದರೆ ಮನೋವಿಜ್ಞಾನಿ ಜೇಮ್ಸ್ ಪೆನ್ನಿಬೇಕರ್ 1986ರಲ್ಲಿ ಪ್ರಕಟಿಸಿದ ವಿಧಾನ ಸರಳ: ಸತತ ನಾಲ್ಕು ದಿನ, ದಿನಕ್ಕೆ 15 ನಿಮಿಷ, ಆ ಘಟನೆ ಮತ್ತು ಅದರ ಬಗ್ಗೆ ಅನ್ನಿಸಿದ್ದನ್ನು ನಿಲ್ಲಿಸದೆ ಬರೆಯೋದು. ಬರೆದ ಕೂಡಲೇ ಮನಸ್ಸು ಭಾರವಾಗೋದು ಮಾಮೂಲು. ದಿನದಿಂದ ದಿನಕ್ಕೆ ಹೆಚ್ಚುತ್ತಿದ್ದರೆ ನಿಲ್ಲಿಸಿಬಿಡಿ.

ಆನ್‌ಲೈನ್ ವ್ಯಕ್ತಿತ್ವ ಪರೀಕ್ಷೆಗಳಿಂದ ಮನರಂಜನೆಗಿಂತ ಹೆಚ್ಚೇನೂ ಸಿಗೋದಿಲ್ಲ. ರಾಜೀನಾಮೆ, ವಿಚ್ಛೇದನ, ಮನೆ ಬದಲಾವಣೆಯಂಥವನ್ನು, ಸುರಕ್ಷತೆಯ ಪ್ರಶ್ನೆ ಇಲ್ಲದಿದ್ದರೆ, ಈ ಆರು ವಾರ ಮುಂದಕ್ಕೆ ಹಾಕಿ.

ಮೂರನೆಯ ತಿಂಗಳಲ್ಲಿ ಮತ್ತೆ ಒಂದು ವಾರ ಅದೇ ದಾಖಲೆ ಇಟ್ಟು, ‘ನಾನೇ’ ಅಂತ ಬಂದ ಸಾಲುಗಳನ್ನು ಮೊದಲ ವಾರದ ಜೊತೆ ಎಣಿಸಿ ನೋಡಿ. ಸಂಖ್ಯೆ ಕದಲಿಲ್ಲ ಅಂದರೆ ಆಪ್ತಸಮಾಲೋಚಕರ ಹತ್ತಿರ ಹೋಗಿ, ಆ ಪುಸ್ತಕ ಜೊತೆಗಿರಲಿ. ಮೊದಲ ಭೇಟಿಯಲ್ಲಿ ಅವರು ಕೇಳಿ ಕೇಳಿ ತಿಳಿದುಕೊಳ್ಳಬೇಕಾದದ್ದರಲ್ಲಿ ಅರ್ಧಕ್ಕರ್ಧ ಅದರಲ್ಲೇ ಇರುತ್ತೆ.