ಕಾಗೆ ತುತ್ತು, ಗುಬ್ಬಿ ತುತ್ತು

ದಾವಣಗೆರೆ, 20 ಅಕ್ಟೋಬರ್ 2024, ಭಾನುವಾರ

ಊರಿಗೆ ಬಂದು ಹದಿನೈದು ದಿನವಾಯಿತು. ನೆಂಟರು ಬಂದು ಹೋದರು, ತಂದ ಚಾಕೊಲೇಟ್ ಹಂಚಿ ಮುಗಿಯಿತು, ಬೆಣ್ಣೆ ದೋಸೆಯ ಹಂಬಲವೂ ತೀರಿತು. ಒಂದೇ ಒಂದು ಪೊಟ್ಟಣವನ್ನು ಮಾತ್ರ ಯಾರ ಕೈಗೂ ಸಿಗದಂತೆ ಬಟ್ಟೆಗಳ ನಡುವೆ ಇಟ್ಟಿದ್ದೆ. ಇಂದು ಬೆಳಿಗ್ಗೆ ಅದನ್ನು ಹಿಡಿದುಕೊಂಡು ಮಂಡಕ್ಕಿ ಭಟ್ಟಿಗಳ ಕಡೆ ಹೋದೆ, ಅಕ್ಕನನ್ನು ನೋಡಲು.

ಅಕ್ಕ ನನ್ನ ಒಡಹುಟ್ಟಿದವಳಲ್ಲ. 2002ರಲ್ಲಿ ನಾನು ಹುಟ್ಟಿದ ಕೆಲವು ತಿಂಗಳಿಗೆ ಅಮ್ಮ ಶಾಲೆಗೆ ಮರಳಬೇಕಾಯಿತು. ಕೂಸು ಎತ್ತಿಕೊಳ್ಳಲೆಂದು ಮಾಯಕೊಂಡದ ಕಡೆಯ ಹಳ್ಳಿಯಿಂದ ಒಬ್ಬ ಹುಡುಗಿಯನ್ನು ಕರೆತಂದರು. ಆಗ ಅವಳಿಗೆ 13 ವರ್ಷ. ಆರು ವರ್ಷ ನಮ್ಮ ಮನೆಯಲ್ಲಿದ್ದು, ಮದುವೆ ಗೊತ್ತಾಯಿತೆಂದು ಹೋದಳು. ನನಗೆ ನೆನಪಿರುವುದು ಅವಳ ಹಸಿರು ಬಳೆ, ತಲೆಗೂದಲಿನ ಸೀಗೆಕಾಯಿ ವಾಸನೆ, ಅಷ್ಟೇ. ಇಷ್ಟು ವರ್ಷವೂ ಅವಳು ಇದೇ ಊರಿನಲ್ಲಿ, ಆಟೋದಲ್ಲಿ ಹದಿನೈದು ನಿಮಿಷದ ದಾರಿಯಲ್ಲಿದ್ದಳು. ಹೋಗಿ ನೋಡಬೇಕು ಎಂದು ನನಗೆ ಹೊಳೆದದ್ದು ಏಳು ಸಾವಿರ ಕಿಲೋಮೀಟರಿಗೂ ಆಚೆ, ಬೇರೊಬ್ಬರ ಅಡುಗೆಮನೆಯಲ್ಲಿ ನಿಂತಿದ್ದಾಗ.

ಪದವಿ ಮುಗಿಸಿದ ಮೇಲೆ ಈ ಏಪ್ರಿಲ್‌ನಿಂದ ಅಕ್ಟೋಬರ್ ಮೊದಲ ವಾರದವರೆಗೆ ನಾನು ಜರ್ಮನಿಯ ಟ್ಯೂಬಿಂಗನ್ ಎಂಬ ಊರಿನಲ್ಲಿ ಓ ಪೇರ್ ಆಗಿದ್ದೆ. ಓ ಪೇರ್ ಎಂಬುದು ಫ್ರೆಂಚ್ ಮಾತು; ಸರಿಸಮನಾಗಿ ಎಂದು ಅರ್ಥ. ಹೊರದೇಶದ ಒಂದು ಕುಟುಂಬದ ಜೊತೆಗಿದ್ದು, ಅವರ ಮಕ್ಕಳನ್ನು ನೋಡಿಕೊಳ್ಳುತ್ತ ಅಲ್ಲಿಯ ಭಾಷೆ ಕಲಿಯುವ ಏರ್ಪಾಟು. ಐರೋಪ್ಯ ಮಂಡಳಿ 1969ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಇದಕ್ಕಾಗಿಯೇ ಒಂದು ಒಪ್ಪಂದ ರೂಪಿಸಿತು. ಹೀಗೆ ಬಂದವರು ವಿದ್ಯಾರ್ಥಿಯ ಸಾಲಿಗೂ ಸೇರರು, ಕೆಲಸಗಾರರ ಸಾಲಿಗೂ ಸೇರರು, ಎರಡರ ಲಕ್ಷಣವೂ ಉಳ್ಳ ಪ್ರತ್ಯೇಕ ವರ್ಗ ಎಂದು ಅದರಲ್ಲಿ ಬರೆದಿದೆ.

ನನ್ನ ಹಿಂದಿನ ಬರಹಗಳನ್ನು ಓದಿ ‘ನಾವೂ ಹೋಗಬಹುದೇ’ ಎಂದು ಕೇಳಿದವರಿಗಾಗಿ ಇದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಬರೀ ಎರಡು ತಿಂಗಳ ಬೇಸಿಗೆಗೆಂದು ನಮ್ಮವರಿಗೆ ಜರ್ಮನಿಯಲ್ಲಿ ಓ ಪೇರ್ ಆಗಲು ಬರುವುದಿಲ್ಲ. ಕನಿಷ್ಠ 6 ತಿಂಗಳು, ಹೆಚ್ಚೆಂದರೆ ಒಂದು ವರ್ಷ. ವಯಸ್ಸು 18 ತುಂಬಿರಬೇಕು, ವೀಸಾಕ್ಕೆ ಅರ್ಜಿ ಹಾಕುವಾಗ 27 ಆಗಿರಬಾರದು. ಎ1 ಎಂಬ ಮೊದಲ ಹಂತದ ಜರ್ಮನ್ ಬರಬೇಕು. ನಾನು ಬೆಂಗಳೂರಿನಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಕಲಿತೆ. ಕೆಲಸ ದಿನಕ್ಕೆ 6 ಗಂಟೆ, ವಾರಕ್ಕೆ 30 ಗಂಟೆ ಮೀರಬಾರದು. ವಾರದಲ್ಲಿ ಒಂದೂವರೆ ದಿನ ಬಿಡುವು. ಬಾಗಿಲು, ಕಿಟಕಿ ಇರುವ ಸ್ವಂತ ಕೋಣೆ. ಕೈಖರ್ಚಿಗೆ ತಿಂಗಳಿಗೆ 280 ಯೂರೊ, ಭಾಷಾ ತರಗತಿಗೆ 70 ಯೂರೊ, ವಿಮೆಯ ಹಣ ಮನೆಯವರದೇ. 280 ಯೂರೊ ಎಂದರೆ 2024ರ ದರದಲ್ಲಿ ನಮ್ಮ ಸುಮಾರು 25,000 ರೂಪಾಯಿ. ಆ ದೇಶದ ಬೆಲೆಗಳ ಎದುರು ಅದು ದೊಡ್ಡ ಮೊತ್ತವಲ್ಲ. ಹಣ ಉಳಿಸಲು ಹೋಗುತ್ತೇನೆ ಎನ್ನುವವರು ಹೋಗಬೇಡಿ. ವಿಮಾನದ ಖರ್ಚು ನನ್ನದೇ ಆಗಿತ್ತು; ಅಜ್ಜಿ ಕೊಟ್ಟ ಬಂಗಾರದ ಸರದ ಮೇಲೆ ಅಪ್ಪ ಸಾಲ ತೆಗೆದರು, ಅದು ಇನ್ನೂ ತೀರಿಲ್ಲ.

ಹೊರಡುವಾಗ ಮನೆಯಲ್ಲಿ ಎಲ್ಲರಿಗೂ ಬೇಸರವೇ. ‘ಡಿಗ್ರಿ ಮಾಡಿ ಬೇರೆಯವರ ಮಕ್ಕಳ ಸಿಂಬಳ ಒರೆಸಲು ಅಷ್ಟು ದೂರ ಹೋಗಬೇಕೇ’ ಎಂದು ಸೋದರತ್ತೆ ಅಮ್ಮನ ಮುಂದೆಯೇ ಕೇಳಿದರು. ಅಮ್ಮ ತಲೆ ತಗ್ಗಿಸಿದಳು. ಆ ಮಾತನ್ನು ಚುಚ್ಚುಮಾತೆಂದು ನಾನು ಹಗೆಯಂತೆ ಹೊತ್ತುಕೊಂಡೇ ಹೋದೆ. ನನ್ನ ಸಿಂಬಳ ಒರೆಸಿದವರು ಯಾರು ಎಂಬ ಪ್ರಶ್ನೆ ಆ ದಿನ ನಮ್ಮ ಮನೆಯಲ್ಲಿ ಯಾರಿಗೂ ಹುಟ್ಟಲಿಲ್ಲ. ನನಗೂ ಹುಟ್ಟಲಿಲ್ಲ.

ಅಲ್ಲಿಗೆ ತಲುಪಿದ ಮೊದಲ ಸಂಜೆ ಊಟಕ್ಕೆ ಕರೆದರು. ಅವರಿಗೆ ರಾತ್ರಿ ಬಿಸಿ ಅಡುಗೆಯ ರೂಢಿಯಿಲ್ಲ. ಬ್ರೆಡ್ಡು, ಬೆಣ್ಣೆ, ಚೀಸ್, ಹೆಚ್ಚಿದ ಸೌತೆಕಾಯಿ. ನಾನು ಎಲ್ಲರಿಗೂ ಬಡಿಸಿ ಆಮೇಲೆ ಕೂರುವುದೆಂದು ಒಂದು ಬದಿಗೆ ನಿಂತಿದ್ದೆ. ಆರು ವರ್ಷದ ಹುಡುಗ ತನ್ನ ಪಕ್ಕದ ಕುರ್ಚಿಯನ್ನು ಎಳೆದು, ಅದರ ಮೇಲೆ ಅಂಗೈಯಿಂದ ತಟ್ಟಿದ. ಕುಳಿತೆ. ಸೌತೆಕಾಯಿಯ ಹೋಳುಗಳನ್ನು ಎಣಿಸಿ ನನಗೆ ನಾಲ್ಕು, ತಂಗಿಗೆ ನಾಲ್ಕು ಹಾಕಿದ. ನನ್ನ ಕರಾರು ಪತ್ರದಲ್ಲಿದ್ದ ಸರಿಸಮ ಎಂಬ ಮಾತು ನನಗೆ ಅರ್ಥವಾದದ್ದು ಆ ಹೋಳುಗಳಲ್ಲಿ.

ಅಲ್ಲಿ ಎಲ್ಲವೂ ಹಾಲು ಜೇನು ಎಂದು ಹೇಳಲಾರೆ. ಮಕ್ಕಳ ಅಜ್ಜಿ ಬಂದಾಗಲೆಲ್ಲ ನಾನು ತೊಳೆದ ಪಾತ್ರೆಯನ್ನು ಮತ್ತೊಮ್ಮೆ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಮೇ ತಿಂಗಳಿಡೀ ರಾತ್ರಿ ಅತ್ತೆ. ಆದರೆ ಫ್ರಿಜ್ಜಿನ ಮೇಲೆ ನನ್ನ ಗಂಟೆಗಳ ಹಾಳೆ ಅಂಟಿಸಿತ್ತು. ಆಗಸ್ಟ್‌ನಲ್ಲಿ ಮಕ್ಕಳ ಶಿಶುವಿಹಾರಕ್ಕೆ ರಜೆ, ಮಕ್ಕಳ ತಾಯಿಗೆ ಕಚೇರಿಯ ಒತ್ತಡ. ಒಂದು ವಾರ ಏಳು ಗಂಟೆ ಹೆಚ್ಚು ಕೆಲಸವಾಯಿತು. ನಾನು ಬಾಯಿ ಬಿಟ್ಟು ಕೇಳಿರಲಿಲ್ಲ. ಆಕೆಯೇ ಹಾಳೆಯಲ್ಲಿ ಏಳು ಎಂದು ಬರೆದು, ಸುತ್ತ ಗೆರೆ ಎಳೆದು, ಮುಂದಿನ ವಾರ ಅಷ್ಟೂ ಗಂಟೆ ಬಿಡುವು ಕೊಟ್ಟರು. ಆ ಸೀಮೆಯಲ್ಲಿ ‘ಕೇರ್‌ವೋಖೆ’ ಎಂಬ ಪದ್ಧತಿಯಿದೆ: ಕಟ್ಟಡದ ಮೆಟ್ಟಿಲು, ಅಂಗಳ ಗುಡಿಸುವ ಸರದಿ ವಾರಕ್ಕೊಂದು ಮನೆಗೆ ಬರುತ್ತದೆ, ಸರದಿ ಬಂದ ಮನೆಯ ಬಾಗಿಲಿಗೆ ಒಂದು ಚಿಕ್ಕ ಫಲಕ ತೂಗುತ್ತದೆ. ನಮ್ಮ ವಾರ ಬಂದಾಗ ಪೊರಕೆ ಹಿಡಿದದ್ದು ಮಕ್ಕಳ ತಂದೆ. ನಾನು ಕೈಚಾಚಿದರೆ, ಇದು ನಿನ್ನ ಹಾಳೆಯಲ್ಲಿಲ್ಲ ಎಂದರು.

ಬಿಡುವಿನ ಭಾನುವಾರಗಳಲ್ಲಿ ನೆಕ್ಕಾರ್ ನದಿಯ ದಂಡೆಯ ಚಿನಾರ್ ಮರಗಳ ಸಾಲಿನಲ್ಲಿ ನಡೆಯುತ್ತಿದ್ದೆ. ಕನ್ನಡಕ್ಕೆ 1894ರಲ್ಲಿ ಆ ಮಹಾ ನಿಘಂಟು ಕೊಟ್ಟ ಫರ್ಡಿನಾಂಡ್ ಕಿಟೆಲ್ 1903ರಲ್ಲಿ ತೀರಿಕೊಂಡದ್ದು ಈ ಊರಿನಲ್ಲೇ ಎಂಬುದು ನೆನಪಾಗಿ, ಒಂಟಿತನ ಕೊಂಚ ಕಡಿಮೆಯಾಗುತ್ತಿತ್ತು. ಓ ಪೇರ್‌ಗೆ ನಮ್ಮಲ್ಲಿ ಏನೆನ್ನುವುದು ಎಂದು ಯೋಚಿಸುತ್ತ ನಡೆಯುತ್ತಿದ್ದೆ. ದಾದಿ, ಆಯಾ, ಕೂಸಿನ ಹುಡುಗಿ. ಪದಗಳೇನೋ ಇವೆ, ಸರಿಸಮ ಎಂಬುದು ಯಾವುದರಲ್ಲೂ ಇಲ್ಲ.

ಮೂರು ವರ್ಷದ ಹುಡುಗಿ ಊಟಕ್ಕೆ ಬಹಳ ಕಾಡುತ್ತಿದ್ದಳು. ಜೂನ್‌ನ ಒಂದು ಮಧ್ಯಾಹ್ನ ಅವಳ ತಟ್ಟೆಯ ಅನ್ನವನ್ನು ಕಲಸಿ, ಸಣ್ಣ ಉಂಡೆಗಳನ್ನಾಗಿ ಕಟ್ಟಿ ಅಂಚಿನಲ್ಲಿ ಸಾಲಾಗಿ ಇಟ್ಟು ‘ಇದು ಕಾಗೆ ತುತ್ತು, ಇದು ಗುಬ್ಬಿ ತುತ್ತು’ ಎಂದೆ. ನನ್ನ ಕೈ ತಾನಾಗಿಯೇ ಮಾಡಿತು, ಬಾಯಿ ತಾನಾಗಿಯೇ ಆಡಿತು. ಕಾಗೆಗೂ ಗುಬ್ಬಿಗೂ ಜರ್ಮನ್ ಪದ ಹುಡುಕಿ ಹೇಳಿದ ಮೇಲೆ ಅವಳು ಒಂದೊಂದೇ ಉಂಡೆ ತಿಂದು ಮುಗಿಸಿದಳು. ಅಂದಿನಿಂದ ‘ಕಾಗೆ’ ಎಂದು ಕನ್ನಡದಲ್ಲೇ ಕೇಳುತ್ತಿದ್ದಳು. ಅದನ್ನು ನಾನು ಅಜ್ಜಿಯಿಂದ ಕಲಿತದ್ದು ಎಂದುಕೊಂಡಿದ್ದೆ. ರಾತ್ರಿ ಫೋನಿನಲ್ಲಿ ಕೇಳಿದರೆ, ‘ನಾನೆಲ್ಲಿ ನಿನಗೆ ತಿನ್ನಿಸಿದೆ ತಾಯಿ, ಆ ಹುಡುಗಿ ಬಿಟ್ಟು ಬೇರೆ ಯಾರ ಕೈಯಲ್ಲೂ ನೀನು ಉಣ್ಣುತ್ತಿರಲಿಲ್ಲ’ ಎಂದರು ಅಜ್ಜಿ. ಫೋನ್ ಇಟ್ಟು ಅಡುಗೆಮನೆಯಲ್ಲಿ ಬಹಳ ಹೊತ್ತು ನಿಂತಿದ್ದೆ.

ಅದಾದ ಮೇಲಿನ ತಿಂಗಳುಗಳನ್ನು ನಾನು ಎರಡು ಜೊತೆ ಕಣ್ಣಿನಿಂದ ನೋಡಿದೆ. ಜುಲೈ 5ರಂದು ಸ್ಟುಟ್‌ಗಾರ್ಟ್‌ನಲ್ಲಿ ಯೂರೋ ಕಪ್ ಫುಟ್‌ಬಾಲ್‌ನಲ್ಲಿ ಜರ್ಮನಿ ಸ್ಪೇನ್‌ಗೆ 2-1ರಿಂದ ಸೋತಾಗ ಹುಡುಗ ನನ್ನ ಮಡಿಲಲ್ಲಿ ಮುಖ ಹುದುಗಿಸಿ ಅತ್ತ. ಸೆಪ್ಟೆಂಬರ್‌ನಲ್ಲಿ ಅವನ ಶಾಲೆಯ ಮೊದಲ ದಿನ. ಅಲ್ಲಿ ಒಂದನೇ ತರಗತಿಗೆ ಸೇರುವ ಮಗುವಿನ ಕೈಗೆ ಅದರ ಅರ್ಧದಷ್ಟು ಎತ್ತರದ ಕಾಗದದ ಶಂಕು ಕೊಡುತ್ತಾರೆ, ಒಳಗೆ ಸಿಹಿ, ಬಣ್ಣದ ಪೆನ್ಸಿಲ್. ಅದಕ್ಕೆ ಅಂಟು ಹಚ್ಚಿ ನಕ್ಷತ್ರ ಕೂರಿಸಿದ್ದು ನಾನು. ಫೋಟೋದಲ್ಲಿ ನನ್ನನ್ನೂ ನಿಲ್ಲಿಸಿಕೊಂಡರು. ನಾನು ಒಂದನೇ ತರಗತಿಗೆ ಸೇರಿದ ದಿನದ ಫೋಟೋ ನಮ್ಮ ಮನೆಯ ಷೋಕೇಸಿನಲ್ಲಿದೆ. ಅದರ ಅಂಚಿನಲ್ಲಿ ಹಸಿರು ಬಳೆ ತೊಟ್ಟ ಒಂದು ಮುಂಗೈ ಮಾತ್ರ ಇದೆ.

ಇಂದು ಆ ಕೈಯನ್ನು ಹಿಡಿದುಕೊಂಡೆ. ಬಳೆ ಈಗ ಕೆಂಪು. ಅಕ್ಕ ಮಂಡಕ್ಕಿ ಜರಡಿ ಹಿಡಿದು ಚೀಲ ತುಂಬುವ ಕೆಲಸಕ್ಕೆ ಹೋಗುತ್ತಾಳೆ. ಬಿಸಿ ಮರಳಿನ ಕಾವಿಗೆ ಅಂಗೈ ಒರಟಾಗಿದೆ. ಬಾಗಿಲಲ್ಲಿ ನನ್ನನ್ನು ಕಂಡು ಗುರುತು ಸಿಗಲಿಲ್ಲ. ‘ಟೀಚರಮ್ಮನ ಮಗಳು’ ಎಂದ ಕೂಡಲೇ ‘ಪುಟ್ಟಿ!’ ಎಂದು ಕೂಗಿ, ಸೆರಗಿನಿಂದ ಕೈ ಒರೆಸಿಕೊಂಡು ನನ್ನ ಕೆನ್ನೆ ಹಿಡಿದಳು. ಮನೆಯಲ್ಲಿದ್ದ ಒಂದೇ ಕುರ್ಚಿಯಲ್ಲಿ ನನ್ನನ್ನು ಕೂರಿಸಿ ತಾನು ನೆಲದ ಮೇಲೆ ಕೂರಲು ಹೋದಳು. ನಾನೂ ನೆಲಕ್ಕೆ ಇಳಿದೆ.

ನಾನು ಮಾಡಿ ಬಂದ ಕೆಲಸ ಏನೆಂದು ಹೇಳಿದಾಗ ಅವಳಿಗೆ ನಂಬಿಕೆಯೇ ಬರಲಿಲ್ಲ.

‘ನೀನು ಕೂಸು ನೋಡಿಕೊಳ್ಳಲು ಹೋಗಿದ್ದೆಯಾ? ಹೊಟ್ಟೆಗೆ ಸರಿಯಾಗಿ ಹಾಕಿದರಾ? ಮಲಗಲು ಎಲ್ಲಿ ಕೊಟ್ಟಿದ್ದರು?’

ಅವಳಿಗೆ ಮಾತ್ರ ಗೊತ್ತಿರುವ ಪ್ರಶ್ನೆಗಳು. ಆರು ತಿಂಗಳಲ್ಲಿ ಬೇರೆ ಯಾರೂ ಇವನ್ನು ಈ ಕ್ರಮದಲ್ಲಿ ನನ್ನನ್ನು ಕೇಳಿಲ್ಲ. ಹೇಳಿದೆ. ಆಮೇಲೆ ಅದೇ ಪ್ರಶ್ನೆಗಳನ್ನು ನಾನು ಅವಳಿಗೆ ಕೇಳಿದೆ. ಅವಳು ಮುಚ್ಚುಮರೆಯಿಲ್ಲದೆ, ಸಿಟ್ಟೂ ಇಲ್ಲದೆ ಹೇಳಿದಳು. ಅಡುಗೆಮನೆಯ ಪಕ್ಕದ ಉಗ್ರಾಣದಲ್ಲಿ ಅಕ್ಕಿ ಮೂಟೆಯ ಬದಿಗೆ ಚಾಪೆ. ಯುಗಾದಿಗೆ ಒಂದು, ದೀಪಾವಳಿಗೆ ಒಂದು ಬಟ್ಟೆ. ಹಣ ಅವಳ ಅಪ್ಪನ ಕೈಗೆ. ಬಿಡುವು ವರ್ಷಕ್ಕೊಮ್ಮೆ ಊರ ಹಬ್ಬಕ್ಕೆ ಎರಡು ದಿನ, ಆಗಲೂ ನಾನು ಜ್ವರ ಹಿಡಿಸಿಕೊಂಡೆನೆಂದು ಒಂದು ಸಲ ಮರುದಿನವೇ ವಾಪಸ್ಸು. ಅವಳ ತಟ್ಟೆ ಲೋಟ ಬೇರೆ, ಹಿತ್ತಲ ಕಿಟಕಿಯ ಮೇಲೆ. ಎಲ್ಲರ ಊಟವಾದ ಮೇಲೆ ಅಲ್ಲಿಯೇ ಹೊಸ್ತಿಲ ಹೊರಗೆ ಕೂತು ಉಣ್ಣುವುದು. ‘ನೀನು ತೆವಳಿಕೊಂಡು ಬಂದು ನನ್ನ ತಟ್ಟೆಗೆ ಕೈ ಹಾಕುತ್ತಿದ್ದೆ. ಟೀಚರಮ್ಮ ನೋಡಿದರೆ ಬೈಯುತ್ತಾರೆಂದು ನನಗೆ ಹೆದರಿಕೆ’ ಎಂದಳು.

14 ವರ್ಷದೊಳಗಿನ ಮಕ್ಕಳನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳಬಾರದೆಂಬ ಆದೇಶ ಜಾರಿಗೆ ಬಂದದ್ದು 2006ರ ಅಕ್ಟೋಬರ್ 10ರಿಂದ. ಅಷ್ಟರಲ್ಲಿ ಅಕ್ಕನಿಗೆ 17. ಮನೆಗೆಲಸದವರಿಗೆ ಕನಿಷ್ಠ ವೇತನ ನಿಗದಿ ಮಾಡಿ ನಮ್ಮ ರಾಜ್ಯ ಅಧಿಸೂಚನೆ ಹೊರಡಿಸಿದ್ದು 2004ರಲ್ಲಿ. ಆಗ ನಾನು ಅವಳ ಸೊಂಟದ ಮೇಲಿದ್ದೆ. ಅಮ್ಮ, ಅಪ್ಪ ಇಬ್ಬರೂ ಓದಿದವರು, ದಿನವೂ ಪತ್ರಿಕೆ ತರಿಸುವವರು.

ಅಕ್ಕನಿಗೊಬ್ಬ ಮಗಳು, ಎಂಟನೇ ತರಗತಿ. ಅವಳಿಗೂ ಈಗ 13. ವಿದ್ಯಾನಗರದ ಕಡೆಯ ಒಂದು ಮನೆಯವರು ಕೂಸು ನೋಡಿಕೊಳ್ಳಲು ರಜೆಯಲ್ಲಾದರೂ ಕಳಿಸು ಎಂದು ಕೇಳಿದ್ದರಂತೆ. ‘ಆಗುವುದಿಲ್ಲ ಎಂದೆ’ ಎಂದು ಅಕ್ಕ ಹೇಳಿದ ದನಿ ಇನ್ನೂ ಕಿವಿಯಲ್ಲಿದೆ. ಹುಡುಗಿ ತನ್ನ ಅಂಕಪಟ್ಟಿ ತಂದು ತೋರಿಸಿದಳು. ಗಣಿತದಲ್ಲಿ ಒಳ್ಳೆಯ ಅಂಕ. ತಾಯಿಯ ಹೆಸರು ಎಂಬಲ್ಲಿ ಒಂದು ಹೆಸರಿತ್ತು. ಓದಿದೆ, ಮತ್ತೆ ಓದಿದೆ. ಆರು ವರ್ಷ ನನ್ನನ್ನು ಹೊತ್ತವಳ ಪೂರ್ತಿ ಹೆಸರು ನನಗೆ ತಿಳಿದದ್ದು ಇಂದು ಬೆಳಿಗ್ಗೆ ಹನ್ನೊಂದು ಗಂಟೆಗೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಬರೆಯಲೇ ಎಂದು ಅವಳನ್ನು ಕೇಳಿಲ್ಲ. ನನ್ನ ಕರಾರು ಪತ್ರದ ಮೊದಲ ಸಾಲೇ ನನ್ನ ಪೂರ್ತಿ ಹೆಸರು ಮತ್ತು ಹುಟ್ಟಿದ ದಿನಾಂಕವಾಗಿತ್ತು.

ಹೊರಡುವಾಗ ಕೇಳಿದೆ, ನಮ್ಮ ಮನೆಯಿಂದ ಹೋದ ದಿನ ನಾನು ಅತ್ತೆನೇ ಎಂದು. ‘ನೀನು ಮಲಗಿದ್ದಾಗ ಹೋಗು ಎಂದರು’ ಎಂದಳು. ಟ್ಯೂಬಿಂಗನ್‌ನ ರೈಲು ನಿಲ್ದಾಣದಲ್ಲಿ ಮಕ್ಕಳಿಬ್ಬರೂ ಕೈ ಬೀಸಿದ್ದರು.

ರಾತ್ರಿ ಅಪ್ಪನ ಹಳೆಯ ಲೆಕ್ಕದ ಪುಸ್ತಕಗಳನ್ನು ಅಟ್ಟದಿಂದ ಇಳಿಸಿದೆ. ಹಾಲು, ದಿನಸಿ, ಬಾಡಿಗೆ, ಎಲ್ಲವೂ ಅಪ್ಪನ ಗುಂಡು ಅಕ್ಷರದಲ್ಲಿವೆ. ಅವುಗಳ ನಡುವೆ, ತಿಂಗಳು ತಿಂಗಳೂ, ಒಂದು ಸಾಲು: ‘ಕೂಸಿನ ಹುಡುಗಿ, 150’. ಆರು ವರ್ಷವೂ ಹಾಗೆಯೇ. ಮೊತ್ತ ಕೊನೆಗೆ 250 ಆಗಿದೆ, ಹೆಸರು ಎಲ್ಲಿಯೂ ಇಲ್ಲ. ಪುಸ್ತಕವನ್ನು ಅಮ್ಮನ ಮುಂದೆ ತೆರೆದಿಟ್ಟೆ. ಜಗಳವಾಡಬೇಕೆಂದೇ ಇಟ್ಟೆ, ಆಡಲಾಗಲಿಲ್ಲ. ಅಮ್ಮ ಕನ್ನಡಕ ತೆಗೆದು ಬಹಳ ಹೊತ್ತು ಆ ಪುಟವನ್ನೇ ನೋಡಿದಳು.

‘ಆಗ ಎಲ್ಲರ ಮನೆಯಲ್ಲೂ ಹಾಗೆಯೇ ಇತ್ತು’ ಎಂದಳು. ಸ್ವಲ್ಪ ಹೊತ್ತಿನ ಮೇಲೆ, ‘ದೀಪಾವಳಿಗೆ ಅವಳನ್ನೂ ಮಗಳನ್ನೂ ಊಟಕ್ಕೆ ಕರೆಯೋಣ’ ಎಂದಳು.

‘ಎಲ್ಲಿ ಕೂರಿಸುತ್ತೀಯಮ್ಮ?’ ಎಂದು ಕೇಳಿದೆ.

ಅಮ್ಮ ಉತ್ತರ ಕೊಡಲಿಲ್ಲ. ಈಗ ಹತ್ತೂವರೆ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದಾಗುತ್ತಿದೆ. ಹಬ್ಬಕ್ಕೆ ಮಾತ್ರ ತೆಗೆಯುವ ಸ್ಟೀಲ್ ತಟ್ಟೆಗಳನ್ನು ಮೇಲಿನ ಗೂಡಿನಿಂದ ಇಳಿಸಿ ಒಂದೊಂದಾಗಿ ಎಣಿಸುತ್ತಿದ್ದಾಳೆ.